ಕದಡಿದ ನೀರಿಗೆ ಎಂಥ ಕ್ಯಾಮರಾ?

ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿಗೆ ಅರಬಿ ಸಮುದ್ರ, ಇನ್ನೊಂದು ಬದಿಗೆ ಸೌಪರ್ಣಿಕಾ ಹೊಳೆ. ಈ ದೃಶ್ಯದ ಚಿತ್ರವನ್ನು ನೋಡದ ಕನ್ನಡಿಗರು ವಿರಳ. ಕ್ಯಾಲೆಂಡರುಗಳಲ್ಲಿ, ಪ್ರವಾಸೋದ್ಯಮದ ಭಿತ್ತಿಪತ್ರಗಳಲ್ಲಿ, ಈಚೆಗೆ ಡ್ರೋನ್ ವಿಡಿಯೊಗಳಲ್ಲಿ ಅದು ಮತ್ತೆ ಮತ್ತೆ ಬಂದಿದೆ. ಆದರೆ ಅದೇ ನೀರಿನ ಒಳಗಿನ ಚಿತ್ರವನ್ನು ನೋಡಿದವರು ಎಷ್ಟು ಮಂದಿ? ಬೈಂದೂರಿನಿಂದ ಕುಂದಾಪುರವನ್ನು ಹಾದು ಬ್ರಹ್ಮಾವರದ ತನಕ ಹಬ್ಬಿರುವ ಈ ಕರಾವಳಿಯ ನೀರನ್ನು ಜನ ಮೇಲಿನಿಂದ ಕಣ್ಣಾರೆ ಬಲ್ಲರು. ಒಳಗಿನಿಂದ ಬಲ್ಲದ್ದು ಮಾತ್ರ ಬಹುಮಟ್ಟಿಗೆ ಕೈಕಾಲುಗಳ ಮೂಲಕ.

ಇದಕ್ಕೆ ಕಾರಣ ನೀರಿನ ಗುಣ. ಗಂಗೊಳ್ಳಿಯ ಅಳಿವೆಯಲ್ಲಿ ಸೌಪರ್ಣಿಕಾ, ವಾರಾಹಿ, ಚಕ್ರಾ ಸೇರಿದಂತೆ ಐದು ಹೊಳೆಗಳು ಕಡಲನ್ನು ಕೂಡುತ್ತವೆ. ದಕ್ಷಿಣಕ್ಕೆ ಕೋಡಿಬೆಂಗ್ರೆಯಲ್ಲಿ ಸೀತಾ ಮತ್ತು ಸ್ವರ್ಣಾ ನದಿಗಳು ಬಂದು ಸೇರುತ್ತವೆ. ಘಟ್ಟದಿಂದ ಇಳಿದು ಬರುವ ಈ ಹೊಳೆಗಳು ಕಾಡಿನ ಎಲೆಗೊಬ್ಬರವನ್ನೂ ಮುರಕಲ್ಲಿನ ಕೆಂಪು ಮಣ್ಣನ್ನೂ ಹೊತ್ತು ತರುತ್ತವೆ. ಇಳಿತದ ಹೊತ್ತಿಗೆ ಹೊಳೆಗಿಳಿದು ಮಳಿ ಎಂಬ ಚಿಪ್ಪುಮೀನನ್ನು ಹೆಕ್ಕುವವರು ತಳವನ್ನು ನೋಡಿ ಹೆಕ್ಕುವುದಿಲ್ಲ. ಕಾಲಿನಿಂದ ತಡವಿ, ಕೈಯಿಂದ ಎತ್ತುತ್ತಾರೆ.

ಇಂಥ ನೀರಿನಲ್ಲಿ ಈಜುವವರ ಕೈಗೆ ಈಗ ಜೇಬಿನಲ್ಲಿ ಹಿಡಿಸುವ ಜಲನಿರೋಧಕ ಕ್ಯಾಮರಾಗಳು ಬಂದಿವೆ. ಯಾವುದನ್ನು ಕೊಳ್ಳಬೇಕು ಎಂಬುದು ಸಾಮಾನ್ಯ ಪ್ರಶ್ನೆ. ಅಂಗಡಿಯವರು ಎರಡು ಅಂಕಿಗಳನ್ನು ತೋರಿಸುತ್ತಾರೆ: ಎಷ್ಟು ಮೀಟರ್ ಆಳ ತಡೆಯುತ್ತದೆ, ಎಷ್ಟು ಮೆಗಾಪಿಕ್ಸೆಲ್ ಇದೆ. ನಮ್ಮ ನೀರಿನ ಮಟ್ಟಿಗೆ ಇವೆರಡೂ ಮುಖ್ಯವಲ್ಲ. ಅದು ಏಕೆಂದು ತಿಳಿಯಲು ಈ ಯಂತ್ರ ಹುಟ್ಟಿದ ಬಗೆಯನ್ನು ಸ್ವಲ್ಪ ನೋಡುವುದು ಒಳ್ಳೆಯದು.

ಸೋರಿದ ಪೆಟ್ಟಿಗೆಯಿಂದ ಆರಂಭ

ನೀರೊಳಗಿನ ಮೊದಲ ಛಾಯಾಚಿತ್ರ ತೆಗೆದದ್ದು 1856ರಲ್ಲಿ. ಇಂಗ್ಲೆಂಡಿನ ವೇಮತ್ ಕೊಲ್ಲಿಯಲ್ಲಿ ವಿಲಿಯಂ ಥಾಂಪ್ಸನ್ ಎಂಬ ವಕೀಲ ತನ್ನ ಕ್ಯಾಮರಾವನ್ನು ಗಾಜಿನ ಕಿಟಕಿಯುಳ್ಳ ಪೆಟ್ಟಿಗೆಯಲ್ಲಿಟ್ಟು ದೋಣಿಯಿಂದ ಸುಮಾರು 18 ಅಡಿ ಆಳಕ್ಕೆ ಇಳಿಸಿದ. ಮೇಲಿನಿಂದಲೇ ದಾರ ಎಳೆದು ಕಿಟಕಿಯ ಮುಚ್ಚಳ ತೆರೆದ. ಪೆಟ್ಟಿಗೆ ಸೋರಿ ಉಪ್ಪುನೀರು ಒಳಹೊಕ್ಕಿತು. ಆದರೂ ತಳದ ಕಲ್ಲು, ಪಾಚಿಗಳ ಮಸುಕಾದ ಚಿತ್ರವೊಂದು ಫಲಕದ ಮೇಲೆ ಮೂಡಿತು.

ಫ್ರಾನ್ಸಿನ ಜೀವವಿಜ್ಞಾನಿ ಲೂಯಿ ಬೂತಾನ್ 1893ರಲ್ಲಿ ಮೆಡಿಟರೇನಿಯನ್ ತೀರದ ಬಾನ್ಯೂಲ್ಸ್ ಎಂಬಲ್ಲಿ ತಾನೇ ಮುಳುಗುಡುಪು ತೊಟ್ಟು ಕೆಳಗಿಳಿದ. ನೀರು ಪೆಟ್ಟಿಗೆಯನ್ನು ಅಮುಕಿ ಒಳನುಗ್ಗದಂತೆ ಗಾಳಿ ತುಂಬಿದ ರಬ್ಬರ್ ಚೆಂಡನ್ನು ಪೆಟ್ಟಿಗೆಗೆ ಜೋಡಿಸಿದ. ಆಳ ಹೆಚ್ಚಿದಂತೆ ಚೆಂಡು ಕುಗ್ಗಿ ಅದರ ಗಾಳಿ ಪೆಟ್ಟಿಗೆಯೊಳಕ್ಕೆ ಹೋಗಿ, ಒಳಗಿನ ಒತ್ತಡವೂ ಹೊರಗಿನಷ್ಟೇ ಆಗುತ್ತಿತ್ತು.

ಪೆಟ್ಟಿಗೆಯ ಹಂಗನ್ನು ತೊರೆದದ್ದು 1960ರ ಸುಮಾರಿಗೆ. ಕಡಲ ಶೋಧಕ ಜಾಕ್ ಕೂಸ್ತೊ ಅವರಿಗಾಗಿ ಬೆಲ್ಜಿಯಂನ ಎಂಜಿನಿಯರ್ ಜಾನ್ ಡಿ ವೌಟರ್ಸ್ ರೂಪಿಸಿದ 'ಕ್ಯಾಲಿಪ್ಸೊ' ಕ್ಯಾಮರಾದ ಮೈಯೇ ನೀರು ತಡೆಯುವಂತಿತ್ತು. ಬಿಚ್ಚುವ ಪ್ರತಿಯೊಂದು ಜೋಡಣೆಯಲ್ಲೂ ಒಂದು ರಬ್ಬರ್ ಉಂಗುರ. ಅದೇ ಅದರ ಗುಟ್ಟು. ಜಪಾನಿನ ನಿಕಾನ್ ಕಂಪನಿ ಅದರ ಹಕ್ಕು ಪಡೆದು 1963ರಲ್ಲಿ 'ನಿಕಾನೋಸ್' ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. 2001ರಲ್ಲಿ ಅದರ ತಯಾರಿಕೆ ನಿಂತಿತು. ಅಲೆಸವಾರಿ ಮಾಡುವ ನಿಕ್ ವುಡ್‌ಮನ್ ಎಂಬ ಅಮೆರಿಕದ ಯುವಕ ತನ್ನದೇ ಚಿತ್ರ ತೆಗೆದುಕೊಳ್ಳುವ ಆಸೆಯಿಂದ ಮಣಿಕಟ್ಟಿಗೆ ಕಟ್ಟುವ ಕ್ಯಾಮರಾ ರೂಪಿಸಿ 2004ರಲ್ಲಿ ಮಾರಿದ. ಫಿಲ್ಮ್ ರೋಲಿನ ಆ ಪುಟ್ಟ ಕ್ಯಾಮರಾವೇ ಮೊದಲ ಗೋಪ್ರೊ.

ಥಾಂಪ್ಸನ್ನನ ಕಾಲದಿಂದ ಇಂದಿನವರೆಗೆ ಸಮಸ್ಯೆಗಳು ಮೂರೇ: ನೀರು ಒಳಗೆ ಬಾರದಂತೆ ತಡೆಯುವುದು, ಮಂದ ಬೆಳಕಿನಲ್ಲಿ ಕಾಣುವಂತೆ ಮಾಡುವುದು, ನೀರಿನಲ್ಲಿರುವ ಮನುಷ್ಯನ ಕೈಗೆ ಅದು ಹೊರೆಯಾಗದಂತೆ ನೋಡಿಕೊಳ್ಳುವುದು. ಮೊದಲನೆಯದನ್ನು ಕಾರ್ಖಾನೆಗಳು ಬಹುಪಾಲು ಬಗೆಹರಿಸಿವೆ. ಉಳಿದೆರಡು ಕೊಳ್ಳುವವನ ವಿವೇಕಕ್ಕೆ ಬಿಟ್ಟದ್ದು.

ಆಳದ ಅಂಕಿಯ ಅರ್ಥ

ನೀರಿನಲ್ಲಿ ಪ್ರತಿ 10 ಮೀಟರ್ ಇಳಿದಾಗ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೊಗ್ರಾಂ ಭಾರದಷ್ಟು ಒತ್ತಡ ಏರುತ್ತದೆ. ಕ್ಯಾಮರಾದ ಹಿಂಬದಿ 60 ಚದರ ಸೆಂಟಿಮೀಟರ್ ಇದ್ದರೆ 10 ಮೀಟರ್ ಆಳದಲ್ಲಿ ಅದರ ಮೇಲೆ 60 ಕಿಲೊ ಭಾರ, ಅಂದರೆ ಒಬ್ಬ ಮನುಷ್ಯ ನಿಂತಂತೆ. ಮೇಲ್ಮೈಯಲ್ಲಿ ಈಜುವವನ ಕ್ಯಾಮರಾ ಒಂದು ಮೀಟರಿಗಿಂತ ಕೆಳಗೆ ಹೋಗುವುದು ಅಪರೂಪ. ಅಲ್ಲಿ ಆ ಭಾರ ಆರು ಕಿಲೊ ಮಾತ್ರ. 2016ರ ಅನಂತರದ ಗೋಪ್ರೊಗಳಲ್ಲಿ ಹಲವು ಹೊರಕವಚವಿಲ್ಲದೆ 10 ಮೀಟರ್ ತಡೆಯುತ್ತವೆ. 2023ರಲ್ಲಿ ಬಂದ ಓಎಂ ಸಿಸ್ಟಮ್ ಕಂಪನಿಯ ಟಿಜಿ-7 ಕ್ಯಾಮರಾ 15 ಮೀಟರ್ ತಡೆಯುತ್ತದೆ. ಈಜಿಗೆ ಇವುಗಳಲ್ಲಿ ಯಾವುದೂ ಸಾಕು. ಇಪ್ಪತ್ತು, ಮೂವತ್ತು ಮೀಟರಿನ ಅಂಕಿಗೆ ಹೆಚ್ಚು ಹಣ ಕೊಡುವುದು ಮುಳುಗುಗಾರರಿಗೆ ಸರಿ, ಈಜುಗಾರರಿಗೆ ಅನಗತ್ಯ.

ಆದರೆ ಒಂದು ಎಚ್ಚರಿಕೆ ಬೇಕು. ಈ ಅಂಕಿ ನಿಂತ ನೀರಿನದು. ಹಾರುವವರ ಲೆಕ್ಕ ಬೇರೆ. ಎಷ್ಟು ಎತ್ತರದಿಂದ ಬೀಳುತ್ತೇವೋ ಹೆಚ್ಚುಕಡಿಮೆ ಅಷ್ಟೇ ಆಳದ ಒತ್ತಡವನ್ನು ನೀರಿನ ಎದುರು ಹೊಡೆತವೇ ಉಂಟುಮಾಡುತ್ತದೆ. ಆರು ಮೀಟರ್ ಎತ್ತರದ ಕಾಲುಸಂಕದಿಂದ ಕ್ಯಾಮರಾ ಹಿಡಿದು ಹೊಳೆಗೆ ಹಾರಿದರೆ ಆರು ಮೀಟರ್ ಆಳದ ಒತ್ತಡ. ಚಪ್ಪಟೆ ಮೈ ನೀರಿಗೆ ಅಪ್ಪಳಿಸಿದ ಕ್ಷಣದಲ್ಲಿ ಅದಕ್ಕಿಂತಲೂ ಹೆಚ್ಚು. ಹಾರುವವನು ಕ್ಯಾಮರಾವನ್ನು ದಡದಲ್ಲಿ ಬಿಟ್ಟು ಹಾರುವುದೇ ಮೇಲು.

ಮೊಬೈಲ್ ಫೋನುಗಳ ಮೇಲಿನ 'ಐಪಿ68' ಎಂಬ ಗುರುತನ್ನು ನಂಬಿ ಕಡಲಿಗೆ ಇಳಿಯುವವರು ಹೆಚ್ಚಾಗಿದ್ದಾರೆ. ಇದರಲ್ಲಿ ಮೊದಲ ಅಂಕಿ ಧೂಳಿನದು, ಎರಡನೆಯದು ನೀರಿನದು. ಏಳು ಎಂದಿದ್ದರೆ ಒಂದು ಮೀಟರ್ ಆಳದಲ್ಲಿ ಅರ್ಧ ಗಂಟೆ. ಎಂಟು ಎಂದಿದ್ದರೆ ತಯಾರಕ ಹೇಳಿದಷ್ಟು ಆಳ, ಹೇಳಿದಷ್ಟು ಹೊತ್ತು. ಪರೀಕ್ಷೆ ನಡೆಯುವುದು ಅಲೆಯಿಲ್ಲದ ಸಿಹಿನೀರಿನಲ್ಲಿ. ತೆರೆಯ ಹೊಡೆತವಾಗಲಿ ಉಪ್ಪಾಗಲಿ ಆ ಪರೀಕ್ಷೆಯಲ್ಲಿಲ್ಲ. ಮೇಲಾಗಿ ನೀರೊಳಗೆ ಫೋನಿನ ಸ್ಪರ್ಶಪರದೆ ಬೆರಳಿನ ಮಾತು ಕೇಳುವುದಿಲ್ಲ. ಪ್ಲಾಸ್ಟಿಕ್ ಚೀಲದಲ್ಲಿಟ್ಟು ಒಯ್ಯುವುದಾದರೆ ಮೊದಲ ದಿನ ಚೀಲದೊಳಗೆ ಫೋನಿನ ಬದಲು ಕಾಗದದ ಕರವಸ್ತ್ರವೊಂದನ್ನಿಟ್ಟು, ಬಕೆಟ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿ ನೋಡಬೇಕು. ಕಾಗದ ಒದ್ದೆಯಾಗದಿದ್ದರೆ ಮುಂದಿನ ಮಾತು.

ಬಿಳಿ ತಟ್ಟೆಯ ಪರೀಕ್ಷೆ

ನೀರು ಎಷ್ಟು ತಿಳಿಯಾಗಿದೆ ಎಂದು ಅಳೆಯುವ ಸುಲಭ ವಿಧಾನವೊಂದನ್ನು 1865ರಲ್ಲಿ ಇಟಲಿಯ ಪಾದ್ರಿ, ಖಗೋಳಜ್ಞ ಆಂಜೆಲೊ ಸೆಕ್ಕಿ ಪೋಪರ ಹಡಗಿನ ಮೇಲಿನಿಂದ ಪ್ರಯೋಗಿಸಿದ. ಹಗ್ಗಕ್ಕೆ ಕಟ್ಟಿದ ಬಿಳಿ ತಟ್ಟೆಯನ್ನು ನೀರಿಗೆ ಇಳಿಸುತ್ತ ಹೋಗುವುದು. ಅದು ಕಣ್ಮರೆಯಾದ ಆಳವನ್ನು ಗುರುತಿಸುವುದು. ಕಡಲ ವಿಜ್ಞಾನಿಗಳು ಇಂದಿಗೂ ಇದನ್ನೇ ಬಳಸುತ್ತಾರೆ. ಬಿಳಿ ಬಕೆಟಿನ ಮುಚ್ಚಳಕ್ಕೆ ಕಲ್ಲು ಕಟ್ಟಿ ದೋಣಿಯಿಂದಲೋ ಜೆಟ್ಟಿಯಿಂದಲೋ ಯಾರು ಬೇಕಾದರೂ ಇದನ್ನು ಮಾಡಬಹುದು.

ಇದನ್ನು ವರ್ಷದ ಬೇರೆ ಬೇರೆ ತಿಂಗಳುಗಳಲ್ಲಿ ಮಾಡಿ ನೋಡಿದರೆ ನಮ್ಮ ನೀರಿನ ಸ್ವಭಾವ ತಿಳಿಯುತ್ತದೆ. ಮಳೆಗಾಲದಲ್ಲಿ ಅಳಿವೆಯ ಸುತ್ತ ಕೆಂಪು ನೀರಿನಲ್ಲಿ ತಟ್ಟೆ ಇಳಿಸಿದ ಕೂಡಲೇ ಮಾಯ. ಮಳೆ ನಿಂತ ಮೇಲೂ ಕೆಲವು ವಾರ ನೀರು ಹಸಿರಾಗಿರುತ್ತದೆ. ಹೊಳೆಗಳು ತಂದ ಪೋಷಕಾಂಶ ಉಂಡು ಬೆಳೆಯುವ ಸೂಕ್ಷ್ಮಸಸ್ಯಗಳೇ ಅದಕ್ಕೆ ಕಾರಣ. ಡಿಸೆಂಬರಿನಿಂದ ಫೆಬ್ರವರಿಯ ತನಕ, ಕಡಲು ತಣ್ಣಗಿರುವಾಗ, ಅಳಿವೆಯಿಂದ ದೂರದ ಜಾಗಗಳಲ್ಲಿ ನೀರು ತಕ್ಕಮಟ್ಟಿಗೆ ತಿಳಿಯಾಗುತ್ತದೆ. ಹೊಳೆಯಲ್ಲಾದರೆ ಉಬ್ಬರ ತುಂಬಿ ನಿಂತ ಹೊತ್ತು ಒಳ್ಳೆಯದು. ಆಗ ಕಡಲಿನ ನೀರು ಒಳಬಂದಿರುತ್ತದೆ. ಇಳಿತ ಶುರುವಾದರೆ ಮತ್ತೆ ಕೆಸರು.

ನೀರು ಕದಡಿದ್ದರೆ ಕ್ಯಾಮರಾದಲ್ಲಿ ಬೇಕಾದದ್ದೇನು? ಹತ್ತಿರ ಹೋಗಿ ಅಗಲವಾಗಿ ನೋಡುವ ಮಸೂರ. ಬರಿಗಣ್ಣಿಗೆ ಎಷ್ಟು ದೂರ ಕಾಣುತ್ತದೋ ಅದರ ಮೂರನೆಯ ಒಂದು ಭಾಗಕ್ಕಿಂತ ಹತ್ತಿರದಲ್ಲಿ ಚಿತ್ರ ತೆಗೆಯಬೇಕು ಎಂಬುದು ನೀರೊಳಗಿನ ಛಾಯಾಗ್ರಾಹಕರ ಸ್ಥೂಲ ಸೂತ್ರ. ಮೂರು ಮೀಟರ್ ಕಾಣುವ ನೀರಿನಲ್ಲಿ ಒಂದು ಮೀಟರೊಳಗೆ ಬಂದರೆ ಮಾತ್ರ ಗೆಳೆಯನ ಮುಖ ಮುಖವಾಗಿ ಕಾಣುತ್ತದೆ. ಅಷ್ಟು ಹತ್ತಿರದಿಂದ ಇಡೀ ದೇಹ ಚಿತ್ರದೊಳಗೆ ಹಿಡಿಸಬೇಕಾದರೆ ವಿಶಾಲಕೋನದ ಮಸೂರ ಬೇಕೇಬೇಕು. ಜೂಮ್ ಮಾಡಿದರೆ ದೂರದ ವಸ್ತುವಿನ ಜೊತೆಗೆ ನಡುವಿನ ಕೆಸರೂ ದೊಡ್ಡದಾಗುತ್ತದೆ.

ಇಲ್ಲಿ ಬೆಳಕಿನ ವಕ್ರೀಭವನವೂ ಕೈಯಾಡಿಸುತ್ತದೆ. ಕ್ಯಾಮರಾದ ಚಪ್ಪಟೆ ಗಾಜಿನ ಮೂಲಕ ನೀರೊಳಗಿನ ವಸ್ತು ನಾಲ್ಕನೆಯ ಒಂದು ಭಾಗ ಹತ್ತಿರವಿರುವಂತೆ ಕಾಣುತ್ತದೆ. ನೋಟದ ಅಗಲ ಅಷ್ಟರಮಟ್ಟಿಗೆ ಕುಗ್ಗುತ್ತದೆ. ದಡದ ಮೇಲೆ 24 ಮಿಲಿಮೀಟರಿನಂತಿರುವ ಮಸೂರ ನೀರಿನಲ್ಲಿ ಸುಮಾರು 32 ಮಿಲಿಮೀಟರಿನದರಂತೆ ವರ್ತಿಸುತ್ತದೆ. ಅಂಗಡಿಯಲ್ಲಿ ಸಾಕಷ್ಟು ಅಗಲ ಎನಿಸಿದ್ದು ಕಡಲಿನಲ್ಲಿ ಸಾಲದೆ ಬರಬಹುದು. ಈ ಲೆಕ್ಕದಲ್ಲಿ ಅತಿ ವಿಶಾಲಕೋನದ ಪುಟ್ಟ ಆಕ್ಷನ್ ಕ್ಯಾಮರಾಗಳು ಈಜುಗಾರನಿಗೆ ಅನುಕೂಲ. ಬಂಡೆಗೆ ಕಚ್ಚಿದ ಚಿಪ್ಪು, ಏಡಿ, ಪಾಚಿಯಂಥ ಸಣ್ಣ ವಸ್ತುಗಳನ್ನು ಅಂಗೈ ದೂರದಿಂದ ತೆಗೆಯುವ ಆಸೆಯಿದ್ದರೆ ಟಿಜಿ-7ನಂಥ ಜೇಬಿನ ಕ್ಯಾಮರಾ ಮೇಲು. ವಸ್ತು ಮತ್ತು ಮಸೂರದ ನಡುವೆ ನೀರೇ ಕಡಿಮೆಯಾದ್ದರಿಂದ ಕದಡಿದ ನೀರಿನಲ್ಲೂ ಅದು ಸೊಗಸಾದ ಚಿತ್ರ ಕೊಡುತ್ತದೆ.

ಕತ್ತಲೆಂದು ಫ್ಲ್ಯಾಶ್ ಹಾಕುವುದು ಇನ್ನೊಂದು ತಪ್ಪು ದಾರಿ. ಬಾಳೆಬರೆ ಘಾಟಿಯ ಮಂಜಿನಲ್ಲಿ ಕಾರಿನ ದೊಡ್ಡ ದೀಪ ಹಾಕಿದರೆ ಏನಾಗುತ್ತದೆ? ರಸ್ತೆಯ ಬದಲು ಬಿಳಿ ಗೋಡೆ ಕಾಣುತ್ತದೆ. ನೀರಿನಲ್ಲಿ ತೇಲುವ ಮಣ್ಣಿನ ಕಣಗಳೂ ಬೆಳಕನ್ನು ಹಾಗೆಯೇ ಮಸೂರಕ್ಕೆ ಹಿಂದಿರುಗಿಸಿ ಚಿತ್ರದ ತುಂಬ ಬಿಳಿ ಚುಕ್ಕೆ ಎರಚುತ್ತವೆ. ಸೂರ್ಯ ಮೇಲಿರುವಾಗ, ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಎರಡರ ನಡುವೆ, ಹೆಚ್ಚು ಬೆಳಕು ನೀರೊಳಗೆ ಇಳಿಯುತ್ತದೆ. ಆದ್ದರಿಂದ ಮೆಗಾಪಿಕ್ಸೆಲ್ ಎಣಿಸುವುದಕ್ಕಿಂತ ಮಸೂರ ಎಷ್ಟು ಬೆಳಕು ಒಳಗೆ ಬಿಡುತ್ತದೆ ಎಂದು ಕೇಳಬೇಕು. ಅದನ್ನು ಸೂಚಿಸುವ ಎಫ್ ಸಂಖ್ಯೆ ಚಿಕ್ಕದಾದಷ್ಟೂ ಒಳ್ಳೆಯದು.

ತಿಳಿನೀರೇ ಬೇಕೆನ್ನುವವರಿಗೆ ಬೈಂದೂರಿನ ಉತ್ತರಕ್ಕೆ, ಮುರುಡೇಶ್ವರದಿಂದ ದೋಣಿಯಲ್ಲಿ ಹೋಗುವ ನೇತ್ರಾಣಿ ದ್ವೀಪವಿದೆ. ಅಲ್ಲಿ ಹವಳವೂ ಬಣ್ಣದ ಮೀನುಗಳೂ ಕಾಣುತ್ತವೆ. ಮುಳುಗುವವರ ಕ್ಯಾಮರಾಗಳಿಗೆ ಅಲ್ಲಿ ಕೆಲಸವಿದೆ. ಆದರೆ ಜಾಹೀರಾತುಗಳ ನೀಲಿ ನೀರನ್ನು ನೆನೆದು ತ್ರಾಸಿಯ ಕಡಲಿಗೋ ಕೋಡಿಯ ಕಡಲಿಗೋ ಕ್ಯಾಮರಾ ಕೊಂಡರೆ ನಿರಾಶೆಯಾಗುವುದು ಖಂಡಿತ.

ಉಪ್ಪು, ಮರಳು, ಬೂಸ್ಟು

ಒಂದು ಲೀಟರ್ ಕಡಲನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಈಜಿ ಬಂದು ಕ್ಯಾಮರಾವನ್ನು ಬಿಸಿಲಿಗಿಟ್ಟರೆ ನೀರು ಆರಿ ಉಪ್ಪು ಹರಳುಗಟ್ಟುತ್ತದೆ. ಗುಂಡಿಗಳ ಸಂದಿಯಲ್ಲಿ, ಮುಚ್ಚಳದ ಅಂಚಿನಲ್ಲಿ ಆ ಹರಳು ಕೂತು ರಬ್ಬರ್ ಮುದ್ರೆಯನ್ನು ಎತ್ತಿಹಿಡಿಯುತ್ತದೆ. ಆದ್ದರಿಂದ ಆರುವ ಮೊದಲೇ ಸಿಹಿನೀರಿನ ಬಕೆಟಿನಲ್ಲಿ ಹತ್ತಿಪ್ಪತ್ತು ನಿಮಿಷ ನೆನೆಹಾಕಿ, ಗುಂಡಿಗಳನ್ನು ನೀರೊಳಗೇ ಒತ್ತಿ ಬಿಡಬೇಕು. ದಡದ ಮನೆಗಳ ಕೆಲವು ಬಾವಿಗಳ ನೀರು ಬೇಸಿಗೆಯಲ್ಲಿ ಉಪ್ಪಾಗುತ್ತದೆ. ನಾಲಿಗೆಗೆ ಉಪ್ಪೆನಿಸುವ ನೀರು ಈ ಕೆಲಸಕ್ಕೆ ಬಾರದು.

ಮುದ್ರೆಯ ಮೇಲೆ ಬಿದ್ದ ಒಂದು ಕೂದಲು, ಒಂದು ಮರಳಿನ ಕಣ ಸಾಕು, ನೀರು ದಾರಿ ಮಾಡಿಕೊಳ್ಳುತ್ತದೆ. ಬ್ಯಾಟರಿ, ಕಾರ್ಡು ಬದಲಿಸುವ ಕೆಲಸ ಮನೆಯಲ್ಲೇ ಆಗಬೇಕು. ಗಾಳಿ ಬೀಸುವ ಮರಳದಂಡೆಯ ಮೇಲೆ ಬಾಗಿಲು ತೆರೆಯಲೇಬಾರದು. ರಬ್ಬರ್ ಮುದ್ರೆಗೆ ಆಯುಸ್ಸೂ ಇದೆ. ವರ್ಷಕ್ಕೊಮ್ಮೆ ಬದಲಿಸಿ ಎನ್ನುವ ತಯಾರಕರಿದ್ದಾರೆ. ಹಾಗಾಗಿ ಕೊಳ್ಳುವ ಮೊದಲೇ ಮುದ್ರೆ ಎಲ್ಲಿ ಸಿಗುತ್ತದೆ, ಯಾರು ಹಾಕಿಕೊಡುತ್ತಾರೆ ಎಂದು ವಿಚಾರಿಸುವುದು ಜಾಣತನ. ಈ ಬಗೆಯ ಕ್ಯಾಮರಾ ಮಾಡುತ್ತಿದ್ದ ಹಲವು ಕಂಪನಿಗಳು ಈಗ ಹಿಂದೆ ಸರಿದಿವೆ. ಹಳೆಯ ಮಾದರಿ ಅಗ್ಗಕ್ಕೆ ಸಿಕ್ಕಿದರೂ ಬಿಡಿಭಾಗ ಸಿಗದಿದ್ದರೆ ನಷ್ಟವೇ.

ಕರಾವಳಿಯ ಫೋಟೊ ಸ್ಟುಡಿಯೊದವರಿಗೆ ಮಳೆಗಾಲದ ಶತ್ರು ಬೂಸ್ಟು. ಮಸೂರದ ಮೇಲೆ ಜೇಡರ ಬಲೆಯಂತೆ ಹಬ್ಬುವ ಈ ಶಿಲೀಂಧ್ರವನ್ನು ತಡೆಯಲು ಸಣ್ಣ ಬಲ್ಬು ಉರಿಯುವ ಮರದ ಪೆಟ್ಟಿಗೆಯಲ್ಲಿ ಕ್ಯಾಮರಾ ಇಡುವ ರೂಢಿಯಿತ್ತು. ಜಲನಿರೋಧಕ ಕ್ಯಾಮರಾಕ್ಕೂ ಇದರಿಂದ ವಿನಾಯಿತಿ ಇಲ್ಲ. ತೇವದ ಗಾಳಿಯಲ್ಲಿ ಮುಚ್ಚಳ ಮುಚ್ಚಿದರೆ ಆ ತೇವ ಒಳಗೇ ಬಂದಿಯಾಗುತ್ತದೆ. ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಕಾದ ಕ್ಯಾಮರಾವನ್ನು ನೇರವಾಗಿ ಕಡಲಿಗಿಳಿಸಿದರೆ ಗಾಜಿನ ಒಳಮೈಯಲ್ಲಿ ಮಂಜು ಕಟ್ಟುವುದು ಇದೇ ಕಾರಣಕ್ಕೆ. ಸಿಲಿಕಾ ಜೆಲ್ ಪೊಟ್ಟಣವಿರುವ ಡಬ್ಬದಲ್ಲಿ ಇಡುವುದು, ಒಯ್ಯುವಾಗ ನೆರಳಿನಲ್ಲಿಡುವುದು ಇದಕ್ಕೆ ಪರಿಹಾರ.

ಎರಡು ಕೈಗಳ ಲೆಕ್ಕ

ಇನ್ನು ಎಲ್ಲಕ್ಕಿಂತ ಮುಖ್ಯವಾದ ಮಾತು. ಈಜುವವನಿಗೆ ಇರುವುದು ಎರಡೇ ಕೈ. ಕ್ಯಾಮರಾ ಹಿಡಿದವನು ಒಂದನ್ನು ಕಳೆದುಕೊಂಡಂತೆ.

ಕೋಟ ಸಮೀಪದ ಕೋಡಿ ಕನ್ಯಾಣದ ಗೋಪಾಲ ಖಾರ್ವಿ 2013ರಲ್ಲಿ ಕೈಕಾಲುಗಳಿಗೆ ಸಂಕೋಲೆ ತೊಡಿಸಿಕೊಂಡು ಸೇಂಟ್ ಮೇರೀಸ್ ದ್ವೀಪದಿಂದ ಮಲ್ಪೆಯ ಕಡೆಗೆ ಮೂರು ಕಿಲೊಮೀಟರಿಗೂ ಹೆಚ್ಚು ದೂರ ಈಜಿ ಗಿನ್ನೆಸ್ ದಾಖಲೆಗೆ ಸೇರಿದರು. ಕಡಲನ್ನು ಬಲ್ಲವರ ಸಾಧನೆ ಅದು. ಇಂಥ ದಾಖಲೆಗಳಿಗೆ ಚಿತ್ರದ ಸಾಕ್ಷ್ಯ ಬೇಕಾಗುತ್ತದೆ. ಆದರೆ ಆ ಸಾಕ್ಷ್ಯವನ್ನು ಒದಗಿಸುವುದು ಜೊತೆಗೆ ಸಾಗುವ ದೋಣಿಯವರ ಕೆಲಸ, ಈಜುವವನದಲ್ಲ. ಈಜುವವನು ಈಜಬೇಕು, ತೆಗೆಯುವವನು ತೆಗೆಯಬೇಕು ಎಂಬ ಈ ಕೆಲಸದ ಹಂಚಿಕೆಯನ್ನು ಸಾಮಾನ್ಯ ಈಜುಗಾರರೂ ಪಾಲಿಸುವುದು ಕ್ಷೇಮ.

ಒಬ್ಬರೇ ತೆಗೆದುಕೊಳ್ಳಲೇಬೇಕೆಂದರೆ ಕೈ ಖಾಲಿಯಿರುವ ಏರ್ಪಾಡು ಬೇಕು. ತಲೆಪಟ್ಟಿಗೆ ಸಿಕ್ಕಿಸುವ ಅಥವಾ ಹಲ್ಲಿನಲ್ಲಿ ಕಚ್ಚಿ ಹಿಡಿಯುವ ಆಕ್ಷನ್ ಕ್ಯಾಮರಾಗಳು ಇದಕ್ಕೆ ತಕ್ಕವು. ಕೊರಳಿಗೆ ಹಗ್ಗ ಹಾಕಿ ನೇತುಬಿಡುವುದು ಅಪಾಯಕರ. ತೆರೆ ಹೊರಳಿಸಿದರೆ ಅದೇ ಉರುಳಾಗುತ್ತದೆ. ಹಿಂದೆ ನಮ್ಮಲ್ಲಿ ಮಕ್ಕಳು ಈಜು ಕಲಿಯುತ್ತಿದ್ದುದು ಜೋಡಿ ತೆಂಗಿನಕಾಯಿಯನ್ನೋ ಬಾಳೆದಿಂಡನ್ನೋ ಆಧಾರವಾಗಿಟ್ಟುಕೊಂಡು. ಈಗ ಸೊಂಟಕ್ಕೆ ಕಟ್ಟಿ ಹಿಂದೆ ಎಳೆದೊಯ್ಯುವ ಕೇಸರಿ ಬಣ್ಣದ ಗಾಳಿಚೀಲಗಳು ಸಿಗುತ್ತವೆ. ಕ್ಯಾಮರಾವನ್ನು ಅದಕ್ಕೆ ಕೊಂಡಿ ಹಾಕಿಟ್ಟರೆ ಬೇಕಾದಾಗ ತೆಗೆದುಕೊಳ್ಳಬಹುದು. ದೋಣಿಯವರ ಕಣ್ಣಿಗೆ ಈಜುಗಾರ ಬೀಳುವುದೂ ಅದರಿಂದಲೇ.

ಕ್ಯಾಮರಾಕ್ಕೂ ತೇಲುಪಟ್ಟಿ ಕಡ್ಡಾಯ. ಜಲನಿರೋಧಕ ಎಂದರೆ ತೇಲುವಂಥದ್ದು ಎಂದಲ್ಲ. ಕಾಲು ಕಿಲೊ ತೂಗುವ ಈ ಯಂತ್ರಗಳಲ್ಲಿ ಹೆಚ್ಚಿನವು ಕೈಜಾರಿದರೆ ಕಲ್ಲಿನಂತೆ ಮುಳುಗುತ್ತವೆ. ತಳ ಕಾಣದ ನೀರಿನಲ್ಲಿ ಮತ್ತೆ ಸಿಗುವ ಆಸೆ ಇಲ್ಲ. ಪಟ್ಟಿಯ ಬಣ್ಣ ಹಳದಿಯೋ ಕೇಸರಿಯೋ ಇರಲಿ. ನೀಲಿ, ಬೂದು ಬಣ್ಣಗಳು ಕಡಲಿನಲ್ಲಿ ಕರಗಿಹೋಗುತ್ತವೆ. ಒಂದು ವೇಳೆ ಕ್ಯಾಮರಾ ಮುಳುಗಿದರೆ ಅದರ ಹಿಂದೆ ಹೋಗಬಾರದು.

ಚಿತ್ರ ತೆಗೆಯುವವರು ತಿಳಿದಿರಲೇಬೇಕಾದ ಕಡಲಿನ ಮೋಸ ಇನ್ನೊಂದಿದೆ. ತೆರೆಗಳು ಸಾಲಾಗಿ ಒಡೆಯುವ ದಂಡೆಯಲ್ಲಿ ಒಂದು ಕಡೆ ಮಾತ್ರ ತೆರೆ ಒಡೆಯದೆ ನೀರು ಶಾಂತವಾಗಿ ಕಾಣುವುದುಂಟು. ಕ್ಯಾಮರಾ ಹಿಡಿದವರನ್ನು ಸೆಳೆಯುವುದು ಆ ಜಾಗವೇ. ದಡಕ್ಕೆ ನುಗ್ಗಿದ ನೀರು ಮತ್ತೆ ಕಡಲಿಗೆ ಹಿಂದಿರುಗುವ ಸೆಳವಿನ ದಾರಿ ಬಹಳ ಸಲ ಅದೇ ಆಗಿರುತ್ತದೆ. ಅದಕ್ಕೆ ಸಿಕ್ಕಿದವರು ದಡದ ಕಡೆಗೆ ಎದುರೀಜಿ ಸೋಲದೆ, ದಡಕ್ಕೆ ಸಮಾನಾಂತರವಾಗಿ ಈಜಿ ಸೆಳವಿನಿಂದ ಹೊರಬಂದು, ಬಳಿಕ ದಡ ಸೇರಬೇಕು. ಇದಕ್ಕೆ ಎರಡೂ ಕೈ ಬೇಕು. 2023ರ ಜುಲೈಯಲ್ಲಿ ಕೊಲ್ಲೂರು ಸಮೀಪದ ಅರಶಿನಗುಂಡಿ ಜಲಪಾತದ ಬಂಡೆಯ ಮೇಲೆ ನಿಂತು ವಿಡಿಯೊ ತೆಗೆಸಿಕೊಳ್ಳುತ್ತಿದ್ದ ಯುವಕನೊಬ್ಬ ಕಾಲುಜಾರಿ ನೀರುಪಾಲಾದುದನ್ನು ಈ ಭಾಗದವರು ಮರೆತಿಲ್ಲ. ಮಳೆಗಾಲದ ಹೊಳೆ, ಕಡಲು, ಜಲಪಾತ ಯಾವುದಕ್ಕೂ ತಕ್ಕ ಕ್ಯಾಮರಾ ಎಂಬುದಿಲ್ಲ.

ಒಟ್ಟಿನಲ್ಲಿ ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆಗಳು ಇಷ್ಟು: ಮಸೂರ ಎಷ್ಟು ಅಗಲ, ಎಷ್ಟು ಬೆಳಕಿನದು? ಕೈಯಲ್ಲಿ ಹಿಡಿಯದೆ ಕಟ್ಟಿಕೊಳ್ಳುವ ಉಪಾಯವಿದೆಯೆ? ಒದ್ದೆ ಬೆರಳಿಗೆ ಗುಂಡಿ ಸುಲಭವಾಗಿ ಸಿಗುತ್ತದೆಯೆ? ತೇಲುಪಟ್ಟಿ, ಮುದ್ರೆಗಳು ದೊರೆಯುತ್ತವೆಯೆ? ಆಳದ ಅಂಕಿ ಹತ್ತು ಮೀಟರ್ ಇದ್ದರೆ ಸಾಕು. ಚಳಿಗಾಲದ ಒಂದು ನಡುಹಗಲು, ಜೊತೆಗೊಬ್ಬ ಬಲ್ಲವನನ್ನು ಕರೆದುಕೊಂಡು ಇಳಿದರೆ ಈ ಹಸಿರು ಮಸುಕಿನಲ್ಲೂ ಕಾಣುವುದಕ್ಕೆ ಬೇಕಾದಷ್ಟಿದೆ: ಒಡೆಯುವ ತೆರೆಯ ಒಳಮೈ, ಮರಳಿನ ಮೇಲೆ ಬೆಳಕಿನ ಬಲೆ, ಬಂಡೆಗೆ ಕಚ್ಚಿದ ಚಿಪ್ಪುಗಳ ಸಾಲು. ತಲೆಮಾರುಗಳಿಂದ ಕಾಲಿನಿಂದ ತಡವಿಯೇ ತಿಳಿದ ನೀರಿನ ತಳ ಹೇಗಿದೆ ಎಂಬುದನ್ನು ಮನೆಯವರೆಲ್ಲ ಕೂತು ನೋಡುವುದಕ್ಕೆ ಈ ಪುಟ್ಟ ಯಂತ್ರ ನೆರವಾದರೆ ಅದರ ಬೆಲೆ ಸಂದಂತೆಯೇ.